ದಡದ ಮೇಲಿನ ಕಡಲ ಯುದ್ಧ

ಹಾಸಿಗೆಯ ಮೇಲೆ ಹೊದಿಸಲು ನೀಲಿ-ಬಿಳಿ ಬಣ್ಣದ ಚಾದರ, ಅದರ ಮೇಲೊಂದು ಲಂಗರಿನ ಚಿತ್ರ. ಬೆಳಿಗ್ಗೆ ಎದ್ದು ಹಾಸಿಗೆ ಸರಿಮಾಡುವಾಗ ಲಂಗರು ತಲೆಕೆಳಗಾಗಬಾರದು, ಹಾಗಾದರೆ ಹಡಗು ಮುಳುಗುತ್ತದೆ ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಆ ಹಡಗು ಎಂದರೆ ಊರ ನಡುವೆ ಇಟ್ಟಿಗೆಯಲ್ಲಿ ಕಟ್ಟಿದ, ನೌಕಾಪಡೆ ವಶಪಡಿಸಿಕೊಂಡ ಒಂದು ಹಳೆಯ ಮನೆ. ಅಲ್ಲಿ ನೆಲಕ್ಕೆ ಡೆಕ್ ಎನ್ನಬೇಕು, ಅಡುಗೆಮನೆಗೆ ಗ್ಯಾಲಿ, ಮಲಗುವ ಕೋಣೆಗೆ ಕ್ಯಾಬಿನ್. ಸಂಜೆ ಪೇಟೆಗೆ ಹೊರಟವಳು 'ದಡಕ್ಕೆ ಹೋಗುತ್ತೇನೆ' ಎಂದೇ ಹೇಳಿ ಹೋಗಬೇಕು. ನೌಕಾಪಡೆಯ ಭಾಷೆ, ಶಿಸ್ತು, ಮೂಢನಂಬಿಕೆ ಎಲ್ಲವೂ ಈ ಹೆಣ್ಣುಮಕ್ಕಳಿಗೆ ಸಿಕ್ಕಿದ್ದವು. ಸಿಗದೆ ಉಳಿದದ್ದು ಹಡಗು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾಪಡೆಯ ಮಹಿಳಾ ದಳದಲ್ಲಿ ದುಡಿದವರನ್ನು ಜನ 'ರೆನ್' ಎಂದು ಕರೆದರು. ದಳದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಉಚ್ಚರಿಸಿದರೆ ಬರುವ ಸದ್ದು ಅದು. ಒಂದು ಪುಟ್ಟ ಹಕ್ಕಿಯ ಹೆಸರೂ ಹೌದು. 1944ರ ಹೊತ್ತಿಗೆ ಈ ದಳದಲ್ಲಿ ಸುಮಾರು 74,000 ಹೆಂಗಸರಿದ್ದರು. ಅಟ್ಲಾಂಟಿಕ್ ಕಾಳಗದ ಬಗ್ಗೆ ನಾವು ಓದುವ ಪುಸ್ತಕಗಳಲ್ಲಿ ಹಡಗುಗಳ ಹೆಸರಿರುತ್ತದೆ, ಅಡ್ಮಿರಲ್‌ಗಳ ಹೆಸರಿರುತ್ತದೆ. ಇವರಿಗೆ 'ಸಹಾಯಕರು' ಎಂಬ ಒಂದು ಪದ. ಇವರ ದಿನಚರಿಯನ್ನು, ಅಂದರೆ ಪಾಳಿ, ಊಟ, ಬಟ್ಟೆ, ನಿದ್ದೆ, ಬಾಯಿಮುಚ್ಚಿಕೊಂಡಿರುವ ಕಷ್ಟ ಇವನ್ನೆಲ್ಲ ಹತ್ತಿರದಿಂದ ನೋಡಿದಷ್ಟೂ ಆ ಪದ ತಪ್ಪು ಎಂದು ನನಗೆ ಗಟ್ಟಿಯಾಗುತ್ತಾ ಬಂದಿದೆ. ಕಡಲಿನ ಯುದ್ಧದ ದೊಡ್ಡ ಪಾಲು ನಡೆದದ್ದೇ ದಡದ ಮೇಲೆ, ಇವರ ಕೈಯಲ್ಲಿ.

ದಳ ಮೊದಲು ಹುಟ್ಟಿದ್ದು 1917ರಲ್ಲಿ. 1919ರಲ್ಲಿ ವಿಸರ್ಜನೆಯಾಗಿ, 1939ರ ಏಪ್ರಿಲ್‌ನಲ್ಲಿ ಮತ್ತೆ ಜೀವ ಪಡೆಯಿತು. ಅದನ್ನು ಯುದ್ಧದುದ್ದಕ್ಕೂ ನಡೆಸಿದವರು ವೆರಾ ಲಾಟನ್ ಮ್ಯಾಥ್ಯೂಸ್. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. 1914ರಲ್ಲಿ ನೌಕಾ ಕಚೇರಿಗೆ ಹೋಗಿ ಕೆಲಸ ಕೇಳಿದಾಗ, ಇಲ್ಲಿ ಲಂಗ ತೊಟ್ಟವರಿಗೆ ಜಾಗವಿಲ್ಲ ಎಂದು ಹೊರಗೆ ಕಳಿಸಿಕೊಂಡವರು. ಇಪ್ಪತ್ತೈದು ವರ್ಷದ ಮೇಲೆ ಅದೇ ಕಚೇರಿ ಅವರನ್ನು ಕರೆದು ದಳ ಕಟ್ಟಿಕೊಡಿ ಎಂದಿತು. ಭರ್ತಿಯ ಭಿತ್ತಿಪತ್ರಗಳಲ್ಲಿ ಇದ್ದ ಕರೆಯ ಸಾರ ಇಷ್ಟು: ನೀನು ಸೇರು, ಒಬ್ಬ ಗಂಡಸನ್ನು ಹಡಗಿಗೆ ಬಿಡುಗಡೆ ಮಾಡು. ಈ ಕರೆಯಲ್ಲೇ ಮುಂದಿನ ಅನ್ಯಾಯದ ಬೀಜವಿತ್ತು ಎಂದು ನನ್ನ ಅನಿಸಿಕೆ. ಅವಳು ಕೂತ ಕುರ್ಚಿ ಅವಳದ್ದಲ್ಲ, ಬೇರೊಬ್ಬನದ್ದು. ಅವನು ಮರಳಿದ ದಿನ ಅವಳು ಏಳಲೇಬೇಕು.

ಆದರೂ ಹುಡುಗಿಯರು ಮುಗಿಬಿದ್ದರು. 1941ರ ಡಿಸೆಂಬರ್‌ನಲ್ಲಿ ಬ್ರಿಟನ್ ಮದುವೆಯಾಗದ ಯುವತಿಯರಿಗೂ ಕಡ್ಡಾಯ ಸೇವೆ ವಿಧಿಸಿತು. ರೆನ್ ದಳಕ್ಕೆ ಮಾತ್ರ ಆ ಕಾನೂನಿನ ಬಲ ಬೇಕಾಗಲಿಲ್ಲ. ಸ್ವಇಚ್ಛೆಯಿಂದ ಬಂದವರೇ ಸಾಲುಗಟ್ಟಿ ಕಾಯುತ್ತಿದ್ದರು. ಶಿಫಾರಸು ಪತ್ರ ಕೇಳುತ್ತಿದ್ದರು, ಮನೆಯಲ್ಲಿ ಯಾರಾದರೂ ನೌಕಾಪಡೆಯಲ್ಲಿದ್ದರೆ ಒಳ್ಳೆಯದಿತ್ತು. ಹೀಗಾಗಿ ಭೂ, ನೌಕಾ, ವಾಯು ಎಂಬ ಮೂರು ಮಹಿಳಾ ಪಡೆಗಳಲ್ಲಿ ಇದು 'ದೊಡ್ಡಮನೆಯ' ಹುಡುಗಿಯರದ್ದು ಎಂಬ ಹೆಸರು ಬಂತು.

ಒಳಗೆ ಕಾಲಿಟ್ಟ ಮೇಲೆ ದೊಡ್ಡಮನೆ ಬಡಮನೆ ಎರಡೂ ಒಂದೇ. ಮೊದಲ ಎರಡು ವಾರ ಪರೀಕ್ಷಾವಧಿ. ಲಂಡನ್ನಿನ ಮಿಲ್ ಹಿಲ್‌ನ ತರಬೇತಿ ಕೇಂದ್ರದಲ್ಲಿ ನೀಲಿ ಮೇಲಂಗಿ ತೊಟ್ಟು, ಮಂಡಿಯೂರಿ, ಬಕೆಟ್ ನೀರಿಟ್ಟುಕೊಂಡು ಮೆಟ್ಟಿಲು ತಿಕ್ಕಬೇಕು. ಮನೆಯಲ್ಲಿ ಕಸಪೊರಕೆ ಹಿಡಿಯದವರೂ ತಿಕ್ಕಿದರು. ತಡೆಯಲಾರದವರು ಆ ಎರಡು ವಾರದೊಳಗೆ ಮನೆಗೆ ಹೋಗಬಹುದಿತ್ತು. ಉಳಿದವರಿಗೆ ಸಮವಸ್ತ್ರ: ಕಡುನೀಲಿ ಕೋಟು, ಲಂಗ, ಕಪ್ಪು ಕಾಲುಚೀಲ. ಒಳಚಡ್ಡಿಯೂ ಕಡುನೀಲಿ. ಯುದ್ಧಕಾಲದ ರಾತ್ರಿ ಊರಿಡೀ ದೀಪವಾರಿಸುತ್ತಿದ್ದ ಕತ್ತಲೆಯ ನೆನಪಿಗೆ ಹುಡುಗಿಯರು ಅದಕ್ಕೆ 'ಬ್ಲ್ಯಾಕೌಟ್' ಎಂದೇ ಹೆಸರಿಟ್ಟಿದ್ದರು. ಮೊದಲಿಗೆ ಇದ್ದ ಜೋತುಬಿದ್ದ ಅಂಚಿನ ಟೋಪಿ ಶಾಲೆ ಹುಡುಗಿಯರದ್ದರಂತೆ ಕಾಣುತ್ತಿತ್ತು. 1942ರಲ್ಲಿ ಅದು ಹೋಗಿ ನಾವಿಕರ ಟೋಪಿ ಬಂತು. ಬಟ್ಟೆಗೂ ಪಡಿತರ ಚೀಟಿ ಇದ್ದ ಕಾಲದಲ್ಲಿ ಒಂದು ಚೆಂದದ ಟೋಪಿ ಸಣ್ಣ ಮಾತಲ್ಲ. ರೆನ್ ಆಗಿದ್ದ ಕ್ರಿಶ್ಚಿಯನ್ ಲ್ಯಾಂಬ್ ಮುಪ್ಪಿನಲ್ಲಿ ಬರೆದ ನೆನಪಿನ ಪುಸ್ತಕದ ಹೆಸರಿನ ಅರ್ಥವೇ 'ನಾನು ಸೇರಿದ್ದು ಟೋಪಿಗಾಗಿ ಮಾತ್ರ' ಎಂದು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಸ್ನಾನಕ್ಕೆ ತೊಟ್ಟಿಯಲ್ಲಿ ಐದು ಇಂಚು ನೀರು. ಒಂದರ ಮೇಲೊಂದು ಕಬ್ಬಿಣದ ಮಂಚ. ಒಬ್ಬಳು ರಾತ್ರಿ ಪಾಳಿ ಮುಗಿಸಿ ಮಲಗುವ ಹೊತ್ತಿಗೆ ಪಕ್ಕದವಳು ಎದ್ದು ಬೂಟು ಹುಡುಕುತ್ತಿರುತ್ತಾಳೆ. ರಾತ್ರಿ ಪಾಳಿಗೆ ನಿದ್ದೆ ತಡೆಯಲು 'ಕೈ' ಎಂಬ ಗಟ್ಟಿ ಕೋಕೋ. ಹಡಗಿನವರು ಕುಡಿಯುತ್ತಿದ್ದದ್ದೂ ಅದನ್ನೇ. ಮುಟ್ಟಿನ ದಿನಗಳ ಬಗ್ಗೆ ಯುದ್ಧದ ಪುಸ್ತಕಗಳು ಬಾಯಿಬಿಡುವುದಿಲ್ಲ. ಸಾವಿರಾರು ಯುವತಿಯರು ಒಟ್ಟಿಗೆ ಇರುವಲ್ಲಿ ಅದು ದಿನನಿತ್ಯದ ಪ್ರಶ್ನೆ. ಕಾರು ತಯಾರಿಕೆಯ ಉದ್ಯಮಿ ಲಾರ್ಡ್ ನಫೀಲ್ಡ್ ಕೊಟ್ಟ ದೇಣಿಗೆಯಿಂದ ಮಹಿಳಾ ಪಡೆಗಳಿಗೆ ಸ್ಯಾನಿಟರಿ ಪ್ಯಾಡುಗಳು ಉಚಿತವಾಗಿ ಸಿಗುತ್ತಿದ್ದವು. ಸರ್ಕಾರ ತಾನಾಗಿ ನೆನಪಿಟ್ಟುಕೊಳ್ಳಬೇಕಿದ್ದ ವಿಷಯವನ್ನು ಒಬ್ಬ ಶ್ರೀಮಂತ ನೆನಪಿಟ್ಟುಕೊಂಡ.

ಸಂಬಳ ಅದೇ ಕೆಲಸದ ಗಂಡಸಿಗೆ ಕೊಡುವುದರ ಮೂರರಲ್ಲಿ ಎರಡು ಪಾಲಿನಷ್ಟು. ಇನ್ನೊಂದು ವಿಚಿತ್ರವೂ ಇತ್ತು. ನೌಕಾ ಶಿಸ್ತಿನ ಕಾನೂನು 1977ರ ತನಕ ಇವರಿಗೆ ಅನ್ವಯಿಸುತ್ತಿರಲಿಲ್ಲ. ಅಂದರೆ ಕೆಲಸ ಬಿಟ್ಟು ಓಡಿಹೋದ ನಾವಿಕನನ್ನು ಹಿಡಿದು ಶಿಕ್ಷಿಸುವಂತೆ ಒಬ್ಬ ರೆನ್ ಹುಡುಗಿಯನ್ನು ಶಿಕ್ಷಿಸಲು ಬರುತ್ತಿರಲಿಲ್ಲ. ಬಾಂಬು ಬೀಳುವ ಬಂದರುಗಳಲ್ಲಿ, ಕಾನೂನು ಕಟ್ಟಿಹಾಕದಿದ್ದರೂ, ಇವರು ನಿಂತರು.

ಎಲ್ಲರೂ ಮನೆ ಬಿಟ್ಟು ಬಂದವರಲ್ಲ. ಬಂದರು ಪಟ್ಟಣಗಳ ಕೆಲವರು ಮನೆಯಲ್ಲೇ ಇದ್ದು ಪಾಳಿಗೆ ಹೋಗಿಬರುತ್ತಿದ್ದರು. ಅವರಿಗೆ ಎರಡು ಪಾಳಿ. ಅದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಒಂದು ಕೋಣೆಯೊಳಗೆ ಹೋಗೋಣ. ಜರ್ಮನಿಯ ಎನಿಗ್ಮಾ ಸಂಕೇತಗಳನ್ನು ಒಡೆಯಲು ಬ್ರಿಟನ್ನಿನ ಗುಟ್ಟಿನ ಸಂಕೇತ ಕೇಂದ್ರ ಬ್ಲೆಚ್ಲಿ ಪಾರ್ಕಿನ ಗಣಿತಜ್ಞರು ರೂಪಿಸಿದ 'ಬಾಂಬ್' ಎಂಬ ಯಂತ್ರ ಸುಮಾರು ಏಳು ಅಡಿ ಅಗಲ, ಆರೂವರೆ ಅಡಿ ಎತ್ತರ, ಒಂದು ಟನ್ ತೂಕ. ಮುಂಭಾಗದಲ್ಲಿ 108 ಉರುಳೆಗಳು. ಪ್ರತಿ ಉರುಳೆಯ ಹಿಂದೆ ನೂರಕ್ಕೂ ಹೆಚ್ಚು ಸಣ್ಣ ತಂತಿ ಬ್ರಷ್‌ಗಳು. ಒಂದು ತಂತಿ ಪಕ್ಕದ್ದಕ್ಕೆ ತಾಗಿದರೂ ಸುಳ್ಳು ಉತ್ತರ. ಹಾಗಾಗಿ ಯಂತ್ರ ಓಡದ ಹೊತ್ತಿನಲ್ಲಿ ಚಿಮಟ ಹಿಡಿದು, ಉರುಳೆಯನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ತಂತಿ ನೆಟ್ಟಗೆ ಮಾಡುವುದು ರೆನ್‌ಗಳ ಕೆಲಸ. ಯಂತ್ರ ಓಡುವಾಗ ಕಿವಿಗಡಚಿಕ್ಕುವ ಸದ್ದು, ಸೆಕೆ, ಎಣ್ಣೆಯ ವಾಸನೆ. ಎಂಟು ತಾಸು ನಿಂತೇ ಇರಬೇಕು. ಹಿಂಭಾಗದ ಕೇಬಲ್ಲುಗಳನ್ನು ಚೀಟಿಯಲ್ಲಿದ್ದಂತೆ ಸಿಕ್ಕಿಸಬೇಕು. ಯಂತ್ರ ತಟ್ಟನೆ ನಿಂತರೆ ಅಕ್ಷರ ಬರೆದುಕೊಂಡು ಫೋನಿನಲ್ಲಿ ತಿಳಿಸಬೇಕು. ಅತ್ತಲಿಂದ ಉತ್ತರ ಬಂದರೆ ಕಳಚಿ ಮುಂದಿನ ಚೀಟಿ. ಈ ವಾರ ಬೆಳಗಿನ ಎಂಟರಿಂದ, ಇನ್ನೊಂದು ವಾರ ಸಂಜೆ ನಾಲ್ಕರಿಂದ, ಮತ್ತೊಂದು ವಾರ ನಡುರಾತ್ರಿಯಿಂದ. ಹೊಟ್ಟೆಗೆ ಯಾವುದು ಊಟ ಯಾವುದು ತಿಂಡಿ ಎಂದು ತಿಳಿಯದ ಬದುಕು. ಸುಮಾರು 1,700 ರೆನ್‌ಗಳು ಈ ಯಂತ್ರಗಳ ಮುಂದೆ ನಿಂತಿದ್ದರು. ಅವರಲ್ಲಿ ಹೆಚ್ಚಿನವರು ಲಂಡನ್ ಹೊರವಲಯದ ಈಸ್ಟ್‌ಕೋಟ್, ಸ್ಟಾನ್‌ಮೋರ್‌ನಂಥ ಕಡೆಗಳಲ್ಲಿದ್ದರು.

ತಾವು ಒಡೆದ ಸಂಕೇತದಿಂದ ಯಾವ ಹಡಗು ಉಳಿಯಿತು ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವರೂ ಯಾರಿಗೂ ಹೇಳುವಂತಿರಲಿಲ್ಲ. 'ಅಲ್ಲಿ ಏನು ಮಾಡುತ್ತೀ ಮಗಳೇ' ಎಂದು ಕೇಳಿದ ಅಪ್ಪ ಅಮ್ಮನಿಗೆ 'ಕಾರಕೂನ ಕೆಲಸ' ಎನ್ನಬೇಕಿತ್ತು. ಈ ಗುಟ್ಟು ಬಯಲಾಗಿದ್ದು 1974ರಲ್ಲಿ, ಬೇಹುಗಾರಿಕೆ ಅಧಿಕಾರಿಯಾಗಿದ್ದ ವಿಂಟರ್‌ಬಾಥಮ್ ಬರೆದ ಪುಸ್ತಕದಿಂದ. ಅಷ್ಟರಲ್ಲಿ ಎಷ್ಟೋ ಹೆತ್ತವರು ತೀರಿಕೊಂಡಿದ್ದರು. ಮಗ ಹಡಗಿನಲ್ಲಿದ್ದ, ಮಗಳು ಎಲ್ಲೋ ಗುಮಾಸ್ತೆಯಾಗಿದ್ದಳು ಎಂದುಕೊಂಡೇ ಹೋದರು. ಈ ಮಹಿಳೆಯರ ಕುರಿತು ಓದುವಾಗ ನನಗೆ ಅತಿ ಹೆಚ್ಚು ನೋವಾಗುವುದು ಇಲ್ಲಿ.

ಗುಟ್ಟು ಗೊತ್ತಿದ್ದೂ ಅನುಭವಿಸಬೇಕಾದವರ ಪಾಡು ಬೇರೆ. ಬಂದರುಗಳ ಕಾರ್ಯಾಚರಣೆ ಕೊಠಡಿಗಳಲ್ಲಿ ದೊಡ್ಡ ನಕಾಶೆಯ ಮೇಲೆ ಹಡಗುಗಳ ಜಾಗವನ್ನು ಗಂಟೆಗಂಟೆಗೂ ಗುರುತಿಸುತ್ತಿದ್ದವರು ಮುಖ್ಯವಾಗಿ ರೆನ್‌ಗಳು. 1943ರ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಓಎನ್‌ಎಸ್-5 ಎಂಬ ಸರಕು ಹಡಗುಗಳ ಸಾಲು ಅಟ್ಲಾಂಟಿಕ್ ದಾಟುತ್ತಿತ್ತು. ಜರ್ಮನ್ ಜಲಾಂತರ್ಗಾಮಿಗಳು ತೋಳಗಳಂತೆ ಸುತ್ತುವರಿದವು. ಬೆಲ್‌ಫಾಸ್ಟ್‌ನಲ್ಲಿ ಆ ಸಾಲನ್ನು ನಕಾಶೆಯ ಮೇಲೆ ಗುರುತಿಸುತ್ತಿದ್ದವರಲ್ಲಿ ಕ್ರಿಶ್ಚಿಯನ್ ಓಲ್ಡಮ್ ಒಬ್ಬರು. ಮುಂದೆ ಮದುವೆಯಾಗಿ ಕ್ರಿಶ್ಚಿಯನ್ ಲ್ಯಾಂಬ್ ಆದವರು. ಬೆಂಗಾವಲಿಗಿದ್ದ 'ಒರಿಬಿ' ಹಡಗಿನಲ್ಲಿ ಅವರ ಭಾವೀಪತಿ ಅಧಿಕಾರಿ. ಒರಿಬಿ ಒಂದು ಜಲಾಂತರ್ಗಾಮಿಗೆ ಎದುರಾಗಿ ಡಿಕ್ಕಿ ಹೊಡೆಯಿತು. ನಕಾಶೆಯ ಮೇಲೆ ಆ ಹಡಗಿನ ಗುರುತನ್ನು ಸರಿಸುವ ಕೈಗಳಲ್ಲಿ ಕ್ರಿಶ್ಚಿಯನ್ ಅವರದ್ದೂ ಇತ್ತು. ಮುಖದ ಮೇಲೆ ಏನನ್ನೂ ತೋರಿಸದೆ ಮುಂದಿನ ಸಂದೇಶಕ್ಕೆ ಕಾಯಬೇಕು. ಒರಿಬಿ ಉಳಿಯಿತು, ಭಾವೀಪತಿಯೂ ಮರಳಿ ಬಂದರು. ನಮ್ಮ ಕರಾವಳಿಯ ಹೆಂಗಸರು ಮಳೆಗಾಲದ ಮೊದಲ ಗಾಳಿಗೆ ದೋಣಿ ಕಾಯುತ್ತಾ ದಂಡೆಯಲ್ಲಿ ನಿಲ್ಲುವುದನ್ನು ನೋಡಿ ಬೆಳೆದವಳು ನಾನು. ಆ ಹೆಂಗಸರಿಗೆ ಅಲೆ ಮಾತ್ರ ಕಾಣುತ್ತದೆ. ಕ್ರಿಶ್ಚಿಯನ್‌ಗೆ ದೋಣಿ ಈಗ ಎಲ್ಲಿದೆ, ಅದರ ಸುತ್ತ ಏನಿದೆ ಎಂಬುದೂ ಕಾಣುತ್ತಿತ್ತು. ಯಾವುದು ಹೆಚ್ಚು ಕಠಿಣವೋ ನಾನು ಹೇಳಲಾರೆ.

ಇದೇ ಕಾಳಗದ ಇನ್ನೊಂದು ಕೋಣೆ ಲಿವರ್‌ಪೂಲಿನ ಡರ್ಬಿ ಹೌಸ್‌ನಲ್ಲಿತ್ತು. 1942ರ ಜನವರಿಯಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಅಲ್ಲಿ ಯುದ್ಧತಂತ್ರ ಘಟಕವೊಂದನ್ನು ತೆರೆದರು. ಸಿಬ್ಬಂದಿ ಬಹುಪಾಲು ರೆನ್‌ಗಳು, ಕೆಲವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನೆಲದ ಲಿನೋಲಿಯಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ಕಡಲು ಬರೆದು, ಪುಟ್ಟ ಹಡಗುಗಳನ್ನಿಟ್ಟು, ಮಂಡಿಯ ಮೇಲೆ ಓಡಾಡುತ್ತಾ ಆಡಿಸುತ್ತಿದ್ದರು. ಕಲಿಯಲು ಬಂದ ಅಧಿಕಾರಿಗಳು ಕ್ಯಾನ್‌ವಾಸ್ ಪರದೆಯ ಕಿಂಡಿಯಿಂದ ಇಣುಕಿ, ಕಡಲಿನಲ್ಲಿ ಕಾಣುವಷ್ಟನ್ನೇ ಕಂಡು ನಿರ್ಧಾರ ಹೇಳಬೇಕು. ಜಲಾಂತರ್ಗಾಮಿಯ ಜಾಡನ್ನು ಹಸಿರು ಸುಣ್ಣದಲ್ಲಿ ಎಳೆಯುತ್ತಿದ್ದರು. ಕಿಂಡಿಯಿಂದ ಅದು ಕಣ್ಣಿಗೆ ಬೀಳದು. ಜೀನ್ ಲೈಡ್ಲಾ ಎಂಬ ರೆನ್ ರಾಬರ್ಟ್ಸ್ ಜೊತೆ ಸೇರಿ ರೂಪಿಸಿದ ಪ್ರತಿದಾಳಿಯ ತಂತ್ರಕ್ಕೆ 'ರಾಸ್ಪ್‌ಬೆರಿ' ಎಂಬ ಹೆಸರು ಬಂತು. ಹಿಟ್ಲರನಿಗೆ ಬಾಯಲ್ಲಿ ಪುರ್ರ್ ಎಂದು ಅಣಕಿಸುವ ಸದ್ದು ಎಂಬರ್ಥದಲ್ಲಿ ಆಕೆಯೇ ಇಟ್ಟ ಹೆಸರು. ಸ್ವತಃ ಜಲಾಂತರ್ಗಾಮಿಗಳ ಪರಿಣತರಾದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಒಮ್ಮೆ ಆಟಕ್ಕೆ ಕೂತು ಜಲಾಂತರ್ಗಾಮಿ ನಡೆಸಿದರು. ಪರದೆಯಾಚೆಗಿದ್ದ ಜಾನೆಟ್ ಓಕೆಲ್ ಅವರನ್ನು ಐದು ಸಲವೂ ಮುಳುಗಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 5,000 ಅಧಿಕಾರಿಗಳು ಈ ನೆಲದ ಮೇಲೆ ಪಾಠ ಕಲಿತಿದ್ದರು. ಕಲಿಸಿದ ಆ ಹೆಣ್ಣುಮಕ್ಕಳು ಮಾತ್ರ ಒಮ್ಮೆಯೂ ಹಡಗಿನಲ್ಲಿ ಕಾಳಗಕ್ಕೆ ಹೋದವರಲ್ಲ.

ಇಲ್ಲೊಂದು ಎಚ್ಚರ ಬೇಕು. ಈ ವಿಷಯದ ಬಗ್ಗೆ ಬಂದಿರುವ ನೆನಪಿನ ಪುಸ್ತಕಗಳಲ್ಲಿ ಸಂಕೇತ ಬಿಡಿಸಿದವರದ್ದು, ನಕಾಶೆ ಬರೆದವರದ್ದು, ಅಧಿಕಾರಿ ಹುದ್ದೆಯವರದ್ದು ಹೆಚ್ಚು. ದಳವನ್ನು ಹೊತ್ತು ನಡೆದವರಲ್ಲಿ ಅಡುಗೆಯವರು, ಊಟ ಬಡಿಸುವವರು, ಟೈಪಿಸ್ಟರು, ಉಗ್ರಾಣದ ಲೆಕ್ಕ ಬರೆಯುವವರೂ ದೊಡ್ಡ ಸಂಖ್ಯೆಯಲ್ಲಿದ್ದರು. ನೂರಾರು ಜನರಿಗೆ ಬೆಳಗಿನ ಜಾವ ಗಂಜಿ ಬೇಯಿಸಿದವಳಿಗೆ ಪುಸ್ತಕ ಬರೆಯೆಂದು ಯಾರು ಹೇಳುತ್ತಾರೆ? ವೆರಾ ಮ್ಯಾಥ್ಯೂಸ್ 1948ರಲ್ಲಿ ಪ್ರಕಟಿಸಿದ 'ಬ್ಲೂ ಟ್ಯಾಪೆಸ್ಟ್ರಿ' ದಳದ ಒಟ್ಟು ಚಿತ್ರ ಕೊಡುತ್ತದೆ. ಅದು ಮೇಲಿನಿಂದ ಕಂಡ ಚಿತ್ರ. ಲಂಡನ್ನಿನ ಯುದ್ಧ ಸಂಗ್ರಹಾಲಯ ಧ್ವನಿಮುದ್ರಿಸಿಟ್ಟ ಮಾತುಗಳೇ ಈ ಕೊರತೆಗೆ ದೊಡ್ಡ ಪರಿಹಾರ. ಬರೆಯಲು ಕೂರದವರೂ ಅಲ್ಲಿ ಮಾತಾಡಿದ್ದಾರೆ.

ದಡದಲ್ಲೇ ಇರಿ ಎಂಬ ನಿಯಮದ ಅಂಚಿಗೆ ಹೋದವರು ದೋಣಿ ನಡೆಸಿದವರು. 1941ರಿಂದ ಪ್ಲಿಮತ್ ಮುಂತಾದ ಬಂದರುಗಳೊಳಗೆ ಗಂಡಸರಂತೆ ಅಗಲ ಪ್ಯಾಂಟು ತೊಟ್ಟು, ಹಡಗಿನಿಂದ ಹಡಗಿಗೆ ಟಪಾಲು, ಆಳುಗಳು, ಸಾಮಾನು ಸಾಗಿಸಿದರು. ಉಳಿದವರೆಲ್ಲ ಅವರನ್ನು ಕಂಡು ಆಸೆಪಡುತ್ತಿದ್ದರು. ಪ್ಲಿಮತ್‌ನಲ್ಲೇ ಮೋಟಾರ್ ಸೈಕಲ್ ಮೇಲೆ ಸಂದೇಶ ಒಯ್ಯುತ್ತಿದ್ದ ಪಮೇಲಾ ಮೆಕ್‌ಜಾರ್ಜ್ ಬಾಂಬ್ ಸ್ಫೋಟಕ್ಕೆ ಗಾಡಿಯಿಂದ ಎಸೆಯಲ್ಪಟ್ಟರು. ಗಾಡಿ ಕೆಟ್ಟಿತು. ಓಡುತ್ತಲೇ ಹೋಗಿ ಸಂದೇಶ ತಲುಪಿಸಿ, ಇನ್ನೊಮ್ಮೆ ಹೊರಡುತ್ತೇನೆ ಎಂದರು. ಅವರಿಗೆ ಪದಕ ಬಂತು.

ದಳದ ಬಗ್ಗೆ ಮೊದಲ ಯುದ್ಧದಿಂದಲೂ ಚಾಲ್ತಿಯಲ್ಲಿದ್ದ ಮಾತು 'ಎಂದಿಗೂ ಕಡಲಿಗಿಲ್ಲ' ಎಂದು. ಕಡಲು ಈ ಮಾತನ್ನು ಲೆಕ್ಕಕ್ಕಿಡಲಿಲ್ಲ. 1941ರ ಆಗಸ್ಟ್‌ನಲ್ಲಿ ಜಿಬ್ರಾಲ್ಟರಿಗೆ ಕೆಲಸಕ್ಕೆಂದು, ತಾವಾಗಿ ಮುಂದೆ ಬಂದ 21 ರೆನ್‌ಗಳೂ ಒಬ್ಬ ನೌಕಾ ದಾದಿಯೂ 'ಅಗೀಲಾ' ಎಂಬ ಹಡಗಿನಲ್ಲಿ ಹೊರಟರು. ಯು-201 ಎಂಬ ಜರ್ಮನ್ ಜಲಾಂತರ್ಗಾಮಿ ಅದನ್ನು ಹೊಡೆದು ಮುಳುಗಿಸಿತು. ಆ ಹೆಣ್ಣುಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಅವರ ನೆನಪಿಗೆ ಸಂಗ್ರಹವಾದ ಹಣದಿಂದ ಯುದ್ಧದ ನಂತರ ವೇಲ್ಸ್‌ನ ಅಬರಿಸ್ಟ್ವಿತ್ ಬಂದರಿಗೆ 'ಅಗೀಲಾ ರೆನ್' ಎಂಬ ರಕ್ಷಣಾ ದೋಣಿ ಬಂತು. 1944ರ ಫೆಬ್ರುವರಿ 12ರಂದು ಮೊಂಬಾಸಾದಿಂದ ಕೊಲಂಬೊಗೆ ಬರುತ್ತಿದ್ದ 'ಖೆದೀವ್ ಇಸ್ಮಾಯಿಲ್' ಹಡಗನ್ನು ಮಾಲ್ಡೀವ್ಸ್ ಬಳಿ ಜಪಾನಿನ ಜಲಾಂತರ್ಗಾಮಿ ಮುಳುಗಿಸಿತು. ಸತ್ತವರು 1,297 ಮಂದಿ. ಅವರಲ್ಲಿ 77 ಮಹಿಳೆಯರು, ಬಹುಪಾಲು ದಾದಿಯರು, ಜೊತೆಗೆ ರೆನ್‌ಗಳು. ಇದಾದದ್ದು ನಮ್ಮ ಕಡಲಿನಿಂದ ದೂರದಲ್ಲೇನಲ್ಲ. ದಡದ ಮೇಲೂ ಸಾವು ಬಿಡಲಿಲ್ಲ. 1943ರ ಮಾರ್ಚ್ 18ರ ಬೆಳಗ್ಗೆ ಗ್ರೇಟ್ ಯಾರ್ಮತ್‌ನಲ್ಲಿ ರೆನ್‌ಗಳ ವಸತಿಯ ಮೇಲೆ ಬಾಂಬು ಬಿದ್ದು ಎಂಟು ಮಂದಿ ಸತ್ತರು.

ಬ್ರಿಟನ್ನಿನ ಆಚೆಗೂ ಕಡಲ ಯುದ್ಧದಲ್ಲಿ ಹೆಣ್ಣುಮಕ್ಕಳಿದ್ದರು. ಅಮೆರಿಕದ ನೌಕಾಪಡೆ 1942ರ ಜುಲೈಯಲ್ಲಿ 'ವೇವ್ಸ್' ದಳ ಕಟ್ಟಿತು. ಯುದ್ಧದ ಕೊನೆಗೆ ಅದರಲ್ಲಿ ಸುಮಾರು 86,000 ಮಂದಿ ಇದ್ದರು. ಡೇಟನ್ ಎಂಬ ಊರಿನಲ್ಲಿ 600 ಯುವತಿಯರು ಬೆಸುಗೆ ಕಡ್ಡಿ ಹಿಡಿದು ಸಂಕೇತ ಒಡೆಯುವ ಯಂತ್ರದ ಗಾಲಿಗಳಿಗೆ ತಂತಿ ಜೋಡಿಸಿದರು, ಅದು ಯಾವ ಯಂತ್ರವೆಂದು ತಿಳಿಯದೆ. ಅಲ್ಲಿ ಬಣ್ಣದ ಗೋಡೆಯೂ ಇತ್ತು. ಕಪ್ಪು ಮಹಿಳೆಯರನ್ನು ಸೇರಿಸಿಕೊಂಡದ್ದು 1944ರ ಅಕ್ಟೋಬರ್‌ನಲ್ಲಿ. ಅವರಲ್ಲಿ ಮೊದಲ ಅಧಿಕಾರಿಗಳಾದ ಹ್ಯಾರಿಯೆಟ್ ಪಿಕೆನ್ಸ್ ಮತ್ತು ಫ್ರಾನ್ಸಿಸ್ ವಿಲ್ಸ್ ಅಷ್ಟು ತಡವಾಗಿ ಬಂದದ್ದು ಅವರ ತಪ್ಪಲ್ಲ. ಸೋವಿಯತ್ ಒಕ್ಕೂಟದಲ್ಲಿ ಕತೆಯೇ ಬೇರೆ: ಡ್ಯಾನ್ಯೂಬ್ ನೌಕಾಪಡೆಯ ಪದಾತಿ ದಳದಲ್ಲಿ ಎಕಟೆರಿನಾ ಡ್ಯೋಮಿನಾ ವೈದ್ಯಕೀಯ ಸಹಾಯಕಿಯಾಗಿ ಗುಂಡಿನ ನಡುವೆಯೇ ಗಾಯಾಳುಗಳನ್ನು ಎಳೆದು ತಂದರು, ತಾವೂ ಬಂದೂಕು ಹಿಡಿದರು. ಅತ್ಯುನ್ನತ ಗೌರವ ಅವರನ್ನು ತಲುಪಿದ್ದು 1990ರಲ್ಲಿ.

ನಮ್ಮಲ್ಲಿ 1942ರಲ್ಲಿ ಮಹಿಳಾ ಸಹಾಯಕ ದಳ ಆರಂಭವಾಯಿತು. ಅದರ ನೌಕಾ ವಿಭಾಗ 1944ರಲ್ಲಿ 'ರಾಯಲ್ ಇಂಡಿಯನ್ ನೇವಿ'ಯ ಮಹಿಳಾ ಸೇವೆ ಎಂಬ ಬೇರೆ ಹೆಸರು ಪಡೆಯಿತು. ಅದರ ಸೆಕೆಂಡ್ ಆಫೀಸರ್ ಕಲ್ಯಾಣಿ ಸೇನ್ 1945ರಲ್ಲಿ ಚೀಫ್ ಆಫೀಸರ್ ಮಾರ್ಗರೆಟ್ ಕೂಪರ್ ಜೊತೆ ಬ್ರಿಟನ್ನಿಗೆ ಹೋಗಿ ರೆನ್‌ಗಳ ತರಬೇತಿ, ಆಡಳಿತ ನೋಡಿ ಬಂದರು. ಸೇನಾ ಸಮವಸ್ತ್ರದಲ್ಲಿ ಬ್ರಿಟನ್ನಿಗೆ ಹೋದ ಮೊದಲ ಭಾರತೀಯ ಮಹಿಳೆ. ಸ್ಕಾಟ್ಲೆಂಡಿನ ರೊಸೈತ್ ನೌಕಾನೆಲೆಯಲ್ಲಿ ತೆಗೆದ ಅವರ ಚಿತ್ರವಿದೆ. ಉಟ್ಟದ್ದು ಸೀರೆ, ಭುಜದ ಮೇಲೆ ದರ್ಜೆಯ ಪಟ್ಟಿ. ಹೆಣ್ಣು ಗಂಡಸರ ನಡುವೆ ದುಡಿಯುವುದನ್ನು ನಮ್ಮ ದೇಶ ಇನ್ನೂ ಒಪ್ಪುತ್ತಿಲ್ಲ, ಆದರೆ ಸೇರುವ ಹುಡುಗಿಯರ ಹುರುಪು ಆ ತಡೆಯನ್ನು ಒಡೆಯುತ್ತಿದೆ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದ್ದರು. ಎರಡು ವರ್ಷದೊಳಗೆ ಆ ಸೇವೆಯೇ ಮುಚ್ಚಿತು. ಯುದ್ಧ ಮುಗಿದಿತ್ತು, ಕುರ್ಚಿಯ ಒಡೆಯರು ಮರಳಿದ್ದರು.

ಬ್ರಿಟನ್ನಿನಲ್ಲಿ ಮಹಿಳೆಯರು ಯುದ್ಧನೌಕೆ ಏರಿದ್ದು 1990ರಲ್ಲಿ, 'ಬ್ರಿಲಿಯಂಟ್' ಹಡಗಿನಲ್ಲಿ. 1993ರಲ್ಲಿ ರೆನ್ ದಳ ನೌಕಾಪಡೆಯಲ್ಲಿ ವಿಲೀನವಾಯಿತು. ಕ್ರಿಶ್ಚಿಯನ್ ಲ್ಯಾಂಬ್ ಯುದ್ಧಕಾಲದಲ್ಲಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿಯುವ ಸೈನಿಕರಿಗಾಗಿ ಗುಟ್ಟಿನಲ್ಲಿ ನಕಾಶೆ ತಯಾರಿಸಿದ ಕೆಲಸಕ್ಕೆ ಫ್ರಾನ್ಸ್ ಗೌರವ ಕೊಟ್ಟಿದ್ದು 2024ರಲ್ಲಿ. ಆಗ ಅವರಿಗೆ 103 ವರ್ಷ.

ಭಾರತದ ನೌಕಾಪಡೆ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳತೊಡಗಿದ್ದು 1992ರಲ್ಲಿ. ಖಾಯಂ ಸೇವೆಗಾಗಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ರಷ್ಯಾ ಮೂಲದ ಹಡಗುಗಳಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ ಎಂಬ ವಾದವನ್ನೂ ಸರ್ಕಾರ ಮುಂದಿಟ್ಟಿತು. 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. 2023ರಲ್ಲಿ ಚಿಲಿಕಾದ ತರಬೇತಿ ಕೇಂದ್ರದಿಂದ ಮೊದಲ ಮಹಿಳಾ ನಾವಿಕರು ಹೊರಬಂದರು. ಅದೇ ವರ್ಷದ ಕೊನೆಗೆ ಪ್ರೇರಣಾ ದೇವಸ್ಥಳಿ ಐಎನ್‌ಎಸ್ ತ್ರಿಂಕಟ್ ಯುದ್ಧನೌಕೆಯ ಕಮಾಂಡಿಂಗ್ ಆಫೀಸರ್ ಆಗಿ ನೇಮಕಗೊಂಡರು.

ಕಾರವಾರದ ಕಡಲ ತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಸೋವಿಯತ್ತಿನಲ್ಲಿ ಕಟ್ಟಿದ್ದು. ಈಚೆಗೆ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಇಕ್ಕಟ್ಟು, ತಗ್ಗಿ ನಡೆಯಬೇಕು. ಗೋಡೆಗಂಟಿದ ಮಲಗುವ ಜಾಗ ಕಂಡವಳೇ ಅದರ ಉದ್ದವನ್ನು ಗೇಣು ಹಾಕಿ ಅಳೆಯತೊಡಗಿದಳು. ಒಂದು, ಎರಡು, ಮೂರು. ಕೊನೆಯ ಗೇಣಿಗೆ ತಿರುಗಿ ನೋಡಿ, 'ಇದರಲ್ಲಿ ನಾನೂ ಹಿಡೀತೀನಿ, ದೊಡ್ಡಮ್ಮಾ' ಎಂದಳು.